ನೆಟ್ಟಗೆ ನಿಂತ ಕಲ್ಲು

ಪಕ್ಕದ ಮನೆಯವರು ಈ ಬೆಳಿಗ್ಗೆಯಿಂದ ಕಾಂಪೌಂಡಿಗೆ ಸುಣ್ಣ ಹೊಡೆಸುತ್ತಿದ್ದಾರೆ. ಈಗಿನ ಕಾಲದಲ್ಲಿ ಯಾರು ಸುಣ್ಣ ಹೊಡೆಸುತ್ತಾರೆ ಹೇಳಿ, ಎಲ್ಲರದೂ ಡಬ್ಬಿಯ ಬಣ್ಣ. ನಮ್ಮ ಬಳ್ಳಾರಿ ಕಂಟೋನ್ಮೆಂಟಿನ ಈ ಓಣಿಯಲ್ಲಂತೂ ಹಸಿ ಸುಣ್ಣದ ವಾಸನೆ ಬಂದು ವರ್ಷಗಳೇ ಆಗಿದ್ದವು. ನಾನು ಪೇಪರು ಮಡಿಸಿಟ್ಟು ಎದ್ದು ಕಿಟಕಿ ಹಾಕಿಕೊಂಡೆ. ಯಾಕೆಂದು ಹೆಂಡತಿ ಕೇಳಿದಳು. ನೆಗಡಿ ಎಂದೆ. ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ನನಗೆ ನೆಗಡಿ ಗಿಗಡಿ ಏನೂ ಇಲ್ಲ. ಆ ವಾಸನೆ ಬಂದರೆ ಸಿರುಗುಪ್ಪದ ಕಡೆಯ ಹಚ್ಚೊಳ್ಳಿಯ ಒಂದು ಕಲ್ಲು ನೆನಪಾಗುತ್ತದೆ, ಅದು ನೆನಪಾದರೆ ತಲೆ ಕೆಡುತ್ತದೆ.

ಕಲ್ಲು ಎಂದರೆ ದೇವರ ಕಲ್ಲಲ್ಲ, ಶಾಸನವೂ ಅಲ್ಲ. ಹಿಂದೆ ಸರ್ಕಾರದವರು ನೆಲ ಅಳೆದಾಗ ಗುರುತಿಗೆಂದು ನೆಟ್ಟು ಹೋದ ಸರ್ವೆ ಕಲ್ಲು. ಹೊಲದ ಮೂಲೆಯಲ್ಲಿ, ಹಳೇ ಸೇತುವೆಯ ಕಟ್ಟೆಯಲ್ಲಿ, ಗುಡ್ಡದ ನೆತ್ತಿಯಲ್ಲಿ ನೀವೂ ನೋಡಿರುತ್ತೀರಿ, ನೋಡಿ ಮರೆತಿರುತ್ತೀರಿ. ಮೈಮೇಲೆ ಒಂದು ಬಾಣದ ಗುರುತು, ಕೆಲವೊಮ್ಮೆ ಒಂದು ನಂಬರು. ಬಾಣವೆಂದರೆ ಬರೀ ಮೂರು ಗೆರೆ, ಹಸಿ ಮಣ್ಣಿನಲ್ಲಿ ಕೋಳಿ ಕಾಲೂರಿ ಹೋದ ಹಾಗೆ. ಇಂಥ ಕಲ್ಲುಗಳನ್ನು ಹುಡುಕಿಕೊಂಡು ಹೋಗಿ ಫೋಟೋ ತೆಗೆಯುವುದು ಒಂದು ಕಾಲಕ್ಕೆ ನನ್ನ ಭಾನುವಾರಗಳ ಹುಚ್ಚಾಗಿತ್ತು. ಬೇರೆಯವರ ಆಲ್ಬಮ್ಮಿನಲ್ಲಿ ಮದುವೆ, ಮುಂಜಿ, ನಾಮಕರಣ ಇದ್ದರೆ ನಮ್ಮ ಆಲ್ಬಮ್ಮಿನಲ್ಲಿ ಪುಟದ ತುಂಬ ಕಲ್ಲು. ಬಂದ ನೆಂಟರಿಗೆ ನಾನು ಅದನ್ನು ತೋರಿಸಲು ಹೊರಟರೆ ಹೆಂಡತಿ ಮೊದಲೇ ಚಹಾ ತಂದುಬಿಡುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಈ ಹುಚ್ಚು ಹಿಡಿಸಿದವನು ಹುಸೇನಪ್ಪ. ಸರ್ವೆಯವರ ಹಿಂದೆ ಅಳತೆಯ ಸರಪಳಿ ಹೊತ್ತು ತಾಲೂಕೆಲ್ಲ ನಡೆದು, ಆಗಷ್ಟೇ ರಿಟೈರಾಗಿ ಕೌಲ್ ಬಜಾರಿನ ತನ್ನ ಮನೆಯಲ್ಲಿ ಕುಳಿತಿದ್ದ. ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗನೆಂದು ಆ ಹೆಸರು. ಬಳ್ಳಾರಿಯವರು ಆ ಹೆಸರು ಕೇಳಿ ಹುಬ್ಬೇರಿಸುವುದಿಲ್ಲ. ಅವನ ಪಕ್ಕದ ಅಂಗಡಿಯಲ್ಲಿ ನನ್ನ ಸ್ಕೂಟರು ರಿಪೇರಿಗೆ ಬಿಟ್ಟು ಕಾಯುವಾಗ ಮಾತು ಬೆಳೆಯಿತು. ಮುಂದಿನ ಭಾನುವಾರ ಅದೇ ಸ್ಕೂಟರಿನ ಹಿಂದೆ ಕುಳಿತು ಒಂದು ಕಲ್ಲು ತೋರಿಸಿದ. ಆಮೇಲೆ ನನ್ನನ್ನು ಯಾರಿಂದಲೂ ಹಿಡಿಯಲಾಗಲಿಲ್ಲ.

ಎಲ್ಲವೂ ಸರಾಗವಾಗಿತ್ತು ಎಂದುಕೊಳ್ಳಬೇಡಿ. ಒಂದು ಸಲ ಅರ್ಧ ದಿನ ಮುಳ್ಳುಕಂಟಿ ಸವರಿ, ನಾಲ್ಕು ಕಡೆಯಿಂದ ಫೋಟೋ ತೆಗೆದ ಕಲ್ಲು ಕಡೆಗೆ ಯಾರದೋ ದನ ಕಟ್ಟುವ ಗೂಟವೆಂದು ತಿಳಿಯಿತು. ಕುರುಗೋಡಿನ ಗುಡ್ಡದ ಮೇಲೆ ಬಂಡೆಯಲ್ಲಿ ಕೊರೆದ ಒಂದು ಸಣ್ಣ ವೃತ್ತ, ಅದರ ನಡುವೆ ಒಂದು ಚುಕ್ಕಿ. ಅದರ ಮುಂದೆ ನಾನು ಬೋರಲು ಮಲಗಿ ಕ್ಯಾಮೆರಾ ಸರಿ ಮಾಡಿಕೊಳ್ಳುತ್ತಿದ್ದಾಗ ಕುರಿ ಕಾಯುವವರು ನಾಲ್ಕೈದು ಜನ ಸುತ್ತ ನಿಂತರು. ನಿಧಿ ತೆಗೆಯಲು ಬಂದವರೆಂದು ಅವರ ಗುಮಾನಿ. ಆ ಕಡೆ ಬಂಡೆಯ ಮೇಲೆ ಏನು ಗುರುತು ಕಂಡರೂ ಅಡಿಯಲ್ಲಿ ಬಂಗಾರವಿದೆ ಎನ್ನುವ ಮಾತು ಹಳೆಯದು. ನಾನು ಮಲಗಿದಲ್ಲೇ ಬೆವೆತೆ. ಹುಸೇನಪ್ಪ ಮಾತ್ರ ಬೀಡಿ ಹಚ್ಚಿ, ಬಂಗಾರ ಇದ್ದಿದ್ದರೆ ಗುರುತು ಹಾಕಿದ ಬಿಳಿ ದೊರೆ ಅದನ್ನು ಇಲ್ಲಿ ಬಿಟ್ಟು ಹೋಗುತ್ತಿದ್ದನೇ ಎಂದು ಕೇಳಿದ. ಅವರಿಗೂ ಹೌದೆನ್ನಿಸಿತು. ಒಬ್ಬ ನನಗೆ ಕುಡಿಯಲು ನೀರು ಕೊಟ್ಟ.

ಹುಸೇನಪ್ಪನದು ಒಂದೇ ಕಟ್ಟುನಿಟ್ಟು. ಬೇಕಾದರೆ ಕಲ್ಲಿನ ಮುಂದೆ ಮಲಗು, ಸುತ್ತು ಹಾಕು, ಆದರೆ ಮೈ ಮುಟ್ಟಬಾರದು. ಕಲ್ಲಿನ ಮೇಲೆ ನಾನು ಟೋಪಿ ಇಟ್ಟರೂ ಎತ್ತಿ ಕೈಗೆ ಕೊಡುತ್ತಿದ್ದ. "ಕಣ್ಣಿಂದ ನೋಡ್ರಿ ಸರ, ಸಾಕು. ಅದರ ಮ್ಯಾಲೆ ಎರಡು ಮನಿ ನಿಂತಿರತಾವು," ಎನ್ನುತ್ತಿದ್ದ. ಸರ್ವೆಯವರ ಮಡಿ ಎಂದು ನಾನು ಒಳಗೊಳಗೇ ನಕ್ಕಿದ್ದುಂಟು.

ಈಗ ಹಚ್ಚೊಳ್ಳಿಗೆ ಬರುತ್ತೇನೆ. ಇಪ್ಪತ್ತು ವರ್ಷದ ಮೇಲಾಯಿತು, ಎಳ್ಳಮಾವಾಸ್ಯೆ ಕಳೆದ ಮರುವಾರ. ಆ ಹಬ್ಬಕ್ಕೆ ನಮ್ಮ ಕಡೆ ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಎಡೆಯ ಅನ್ನವನ್ನು ಹೊಲದ ತುಂಬ ಎರಚಿ ಚರಗ ಚೆಲ್ಲುತ್ತಾರೆ. ಐದಕ್ಕೆ ಹಚ್ಚಿ ಮಿಕ್ಕ ಸುಣ್ಣವನ್ನು ಸುಮ್ಮನೆ ಯಾಕೆ ಚೆಲ್ಲಬೇಕೆಂದು ಗಡಿಯ ಸರ್ವೆ ಕಲ್ಲಿಗೂ ಬಳಿಯುವುದು ಹಚ್ಚೊಳ್ಳಿಯ ಆ ಹೊಲಗಳವರ ರೂಢಿ. ವರ್ಷವರ್ಷದ ಸುಣ್ಣ ಕೂತು ಕಲ್ಲು ದಪ್ಪಗೆ ಬೆಳ್ಳಗೆ ಆಗಿತ್ತು. ಆ ಕಲ್ಲಿನ ಈಚೆ ಶರಣಪ್ಪನ ಗದ್ದೆ, ಆಚೆ ರಾಮಾಂಜಿನಿಯದು. ನಮಗೆ ಕಲ್ಲು ತೋರಿಸಿದ್ದು ಶರಣಪ್ಪ. ಮಾತು ಕಡಿಮೆಯ, ಎತ್ತರದ ಮನುಷ್ಯ. ಪೇಟೆಯಿಂದ ಬಂದವರೆಂದು ಮಜ್ಜಿಗೆ ತರಲು ಮನೆಗೆ ಹೋದ. ಹುಸೇನಪ್ಪ ಮುಖ ತೊಳೆಯಲು ಕಾಲುವೆಗೆ ಇಳಿದ. ನಾನು ಮತ್ತು ಕಲ್ಲು, ಇಬ್ಬರೇ ಉಳಿದೆವು.

ಕಲ್ಲು ಒಂದು ಪಕ್ಕಕ್ಕೆ ವಾಲಿತ್ತು. ಬಾಣದ ಗುರುತಿದ್ದ ಮುಖ ಬಡಗಣಕ್ಕೆ, ಪೂರ್ತಿ ನೆರಳಿನಲ್ಲಿ. ಒಂದು ಫೋಟೋ ತೆಗೆದೆ, ಮನಸ್ಸಿಗೆ ಬರಲಿಲ್ಲ. ಹುಡುಗರ ಚಿತ್ರದಲ್ಲಿ ಬಾಗಿಲು ಕೂದಲೆಳೆಯಷ್ಟು ಸೊಟ್ಟಗಾದರೂ ತಿದ್ದದೆ ಬಿಡದ ಕೈ ನನ್ನದು. ಸ್ವಲ್ಪ ಬಿಸಿಲಿಗೆ ತಿರುಗಿಸಿದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡೆ. ಕುಕ್ಕುರುಗಾಲಿನಲ್ಲಿ ಕೂತು ಎರಡೂ ತೋಳಲ್ಲಿ ತಬ್ಬಿ ಅಲುಗಾಡಿಸಿದೆ. ಕಾಲುವೆ ನೀರು ಕುಡಿದು ಬದು ಮೆತ್ತಗಾಗಿತ್ತು. ಕಲ್ಲು ಬುಡಸಹಿತ ಎದ್ದು ಬಂದು ನನ್ನ ಎದೆಗೆ ಒರಗಿತು. ಹೇಗೂ ಬಂತಲ್ಲ ಎಂದು ಜಾಲಿ ಮರ ಹಿಂದೆ ಕಾಣುವ ಹಾಗೆ ಬದುವಿನ ಮೇಲೆ ನಿಲ್ಲಿಸಿ, ಸುಣ್ಣ ಕೆರೆದು, ಎರಡು ಫೋಟೋ ತೆಗೆದೆ. ಒಳ್ಳೆಯ ಬೆಳಕು. ಆಮೇಲೆ ಮತ್ತೆ ನೆಟ್ಟೆ.

ಎಲ್ಲಿ ನೆಟ್ಟೆ? ಇದನ್ನೇ ನಾನು ಒಂದು ತಿಂಗಳಿಂದ ನನ್ನನ್ನು ಕೇಳಿಕೊಳ್ಳುತ್ತಿರುವುದು. ಹಳೇ ಕುಣಿಯಲ್ಲೇ ನೆಟ್ಟೆ ಎಂದು ಒಂದು ನೆನಪು. ಆ ಕುಣಿಗೆ ಕೆಸರು ತುಂಬಿಕೊಂಡು ಕಾಲಡಿಯಲ್ಲಿ ಅಳಿಸಿಹೋಗಿತ್ತು, ಸುಮಾರಾಗಿ ಇಲ್ಲೇ ಎಂದು ಕೈಯಿಂದ ಹೊಸದು ತೋಡಿದೆ ಎಂದು ಇನ್ನೊಂದು ನೆನಪು. ಎರಡರಲ್ಲೂ ನನ್ನ ಉಗುರಿನಲ್ಲಿ ಮಣ್ಣಿದೆ. ಹುಸೇನಪ್ಪ ಕಾಲುವೆ ಹತ್ತಿ ಬಂದಾಗ ನಾನು ಏನೂ ಆಗದವನಂತೆ ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದೆ. ಶರಣಪ್ಪ ತಂದ ಮಜ್ಜಿಗೆ ಕುಡಿದು ಹೊರಟು ಬಂದೆವು. ಆಮೇಲೆ ನಾನು ಆ ಕಡೆ ಹೋಗಲೇ ಇಲ್ಲ. ಕೆಲವೇ ವರ್ಷದಲ್ಲಿ ಹುಸೇನಪ್ಪನ ಮೊಣಕಾಲು ಕೈಕೊಟ್ಟಿತು, ನನ್ನ ಹುಚ್ಚೂ ಇಳಿಯಿತು.

ಹೋದ ತಿಂಗಳು ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಸಿರುಗುಪ್ಪದಿಂದ ಬಸ್ ಹಿಡಿದು, ಬಳ್ಳಾರಿಯಲ್ಲಿ ಇಳಿದು, ಫೋಟೋ ಮಾಸ್ತರರ ಮನೆ ಎಲ್ಲಿ ಎಂದು ನನ್ನ ಶಾಲೆಯಲ್ಲಿ ವಿಚಾರಿಸಿ ಬಂದಿದ್ದಳು. ಶರಣಪ್ಪನ ಹೆಂಡತಿ ಬಸಮ್ಮ. ಗಂಡ ಹೋಗಿ ಎಂಟು ವರ್ಷವಾಯಿತಂತೆ, ಅದೇ ಹೊಲದಲ್ಲಿ ಮಣ್ಣು ಮಾಡಿದ್ದಾರೆ. ಈಚೆಗೆ ಸರ್ವೆಯವರು ಬಂದು ಅಳೆದರಂತೆ. ಕಲ್ಲು ಇರಬೇಕಾದ ಜಾಗದಿಂದ ರಾಮಾಂಜಿನಿಯ ಕಡೆಗೆ ಎರಡು ಮೊಳ ಸರಿದಿದೆ ಎಂದು ಹೇಳಿ ಹೋದರಂತೆ. ನೆಲದ ಮಾತಲ್ಲ, ಎರಡು ಮೊಳ ಅಲ್ಲ ನಾಲ್ಕು ಮೊಳ ಬಿಟ್ಟುಕೊಡುತ್ತೇನೆ ಎಂದಳು ಆಕೆ. ಆದರೆ ಶರಣಪ್ಪ ಕಲ್ಲು ಕಿತ್ತವನು ಎಂಬ ಮಾತು ಊರಲ್ಲಿ ಉಳಿದುಹೋಗುತ್ತದೆ. ರಾಮಾಂಜಿನಿ ಆ ಮಾತು ಆಡಲು ಶುರು ಮಾಡಿ ಬಹಳ ವರ್ಷವಾಗಿತ್ತು. ಈಗ ಊರೇ ಆಡುತ್ತಿದೆ.

"ಮೊದಲಿಂದ ವಾಲಿಕೊಂಡಿದ್ದ ಕಲ್ಲು ಒಂದಿನ ನೆಟ್ಟಗ ನಿಂತಿತ್ತಂತ್ರಿ ಮಾಸ್ತರ. ಕಿತ್ತವರಿಲ್ದ ಕಲ್ಲು ತಾನ ನೆಟ್ಟಗ ನಿಂತೀತೇನು ಅಂತಾನ ರಾಮಾಂಜಿನಿ," ಎಂದಳು ಬಸಮ್ಮ. "ನಮ್ಮನಿಯವರು ಆಣಿ ಮಾಡಿದ್ರು, ಯಾರೂ ನಂಬಲಿಲ್ಲ. ನಿಮ್ಮ ಫೋಟೋದಾಗ ಏನಾರ ತಿಳೀತೈತೇನ್ರಿ?"

ಹುಡುಕಿ ನೋಡುತ್ತೇನೆ, ಸಿಕ್ಕರೆ ತಿಳಿಸುತ್ತೇನೆ ಎಂದೆ. ಫೋಟೋಗಳು ಎಲ್ಲಿವೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಆಕೆಗೆ ಊಟ ಬಡಿಸಿದಳು, ನಾನು ಜೊತೆಗೆ ಕೂರಲಿಲ್ಲ.

ಆಕೆ ಹೋದ ಮೇಲೆ ಮೂರು ಫೋಟೋಗಳನ್ನು ಮೇಜಿನ ಮೇಲೆ ಹರವಿ ಭೂತಗನ್ನಡಿ ಹಿಡಿದು ಕೂತೆ. ಮೊದಲನೆಯದರಲ್ಲಿ ಕಲ್ಲು ವಾಲಿದೆ. ಉಳಿದೆರಡರಲ್ಲಿ ನೆಟ್ಟಗೆ ನಿಂತಿದೆ, ಹಿಂದೆ ಜಾಲಿ ಮರ. ಮೂರರಲ್ಲೂ ಜಾಗ ಯಾವುದೆಂದು ಹೇಳುವಂಥದ್ದು ಏನೂ ಇಲ್ಲ. ಅಷ್ಟು ಚೆಂದವಾಗಿ ನಾನು ಕಲ್ಲೊಂದನ್ನೇ ತೆಗೆದಿದ್ದೆ. ನೋಡಿದಷ್ಟೂ ಗೊಂದಲ ಹೆಚ್ಚಿತು. ನೆಟ್ಟಗೆ ನಿಲ್ಲಿಸಿದ್ದು ನಾನು, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ಮೊಳ ಸರಿಸಿದ್ದೂ ನಾನೇನಾ? ಕೆಸರಿನಲ್ಲಿ ಅಷ್ಟು ದೂರ ತಪ್ಪಿದೆನೇ? ಅಥವಾ ನಾನು ಕಿತ್ತ ಮೇಲೆ ಸಡಿಲವಾದ ಕಲ್ಲನ್ನು ಇನ್ನಾರೋ ಸರಿಸಿದರೇ? ಶರಣಪ್ಪನೇ ಸರಿಸಿದ್ದರೆ? ಇದು ತಲೆಗೆ ಬಂದ ಕೂಡಲೇ ನನಗೆ ನನ್ನ ಮೇಲೇ ಹೇಸಿಗೆಯಾಯಿತು, ಯಾಕೆಂದರೆ ಅದರ ಜೊತೆಗೇ ಸ್ವಲ್ಪ ಹಗುರವೂ ಆಗಿತ್ತು.

ಮರುದಿನ ಕೌಲ್ ಬಜಾರಿಗೆ ಹೋದೆ. ಹುಸೇನಪ್ಪನಿಗೆ ಈಗ ಎಂಬತ್ತು ದಾಟಿದೆ, ಹೊರಗೆ ಆಟೋಗಳ ಗದ್ದಲಕ್ಕೆ ಬೆನ್ನು ಮಾಡಿ ಮಂಚದ ಮೇಲೆ ಕೂತಿದ್ದ. ನಾನು ಸುತ್ತಿ ಬಳಸಿ ಕಥೆ ಶುರು ಮಾಡಿದೆ. ಅವನು ನಡುವೆಯೇ ಕೈ ಎತ್ತಿದ.

"ನನಗ ಅವತ್ತೇ ಗೊತ್ತಾಗಿತ್ತು ಸರ. ನಿಮ್ಮ ಅಂಗಿ ಎದಿ ತುಂಬ ಸುಣ್ಣ ಇತ್ತು."

ಹಾಗಾದರೆ ಯಾಕೆ ಕೇಳಲಿಲ್ಲ ಎಂದೆ. ಕೇಳಿದ್ದರೆ ನೀವು ಸುಳ್ಳು ಹೇಳುತ್ತಿದ್ದಿರಿ, ಆಮೇಲೆ ಭಾನುವಾರ ಯಾರ ಸ್ಕೂಟರಿನಲ್ಲಿ ಹೋಗಲಿ ಎಂದ. ಒಂದು ದಿನ ಒಬ್ಬನೇ ಹೋಗಿ ಅಳತೆ ಹಿಡಿದು ನೋಡಬೇಕೆಂದಿದ್ದನಂತೆ, ಇವತ್ತು ನಾಳೆ ಎನ್ನುತ್ತಾ ಬಿಟ್ಟನಂತೆ. ಕಲ್ಲು ಮೊದಲು ಎಲ್ಲಿತ್ತು, ನಾನು ಎಲ್ಲಿ ನೆಟ್ಟೆ, ನಿನಗಾದರೂ ನೆನಪಿದೆಯೇ ಎಂದು ಬೇಡಿಕೊಳ್ಳುವ ಹಾಗೆ ಕೇಳಿದೆ.

"ಜಾಗ ನನಗೂ ಗೊತ್ತಿಲ್ಲ," ಎಂದ. "ಕೈ ಯಾರದಂತ ಗೊತ್ತೈತಿ."

ಆ ಭಾನುವಾರವೇ ಹಚ್ಚೊಳ್ಳಿಗೆ ಹೋದೆ. ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ನಾನು ಸರಿಸಿದೆ ಎನ್ನಲೇ, ಸರಿಸಿರಬಹುದು ಎನ್ನಲೇ? ಸರಿಸಿರಬಹುದು ಎಂದರೆ ಬಸಮ್ಮನಿಗೆ ಏನು ಸಿಕ್ಕೀತು? ಹೊಲದಲ್ಲಿ ಬಸಮ್ಮ ಇದ್ದಳು. ನಾನು ಫೋನಿನಲ್ಲಿ ಕೇಳಿಕೊಂಡಂತೆ ರಾಮಾಂಜಿನಿಯನ್ನೂ ಕರೆಸಿದ್ದಳು. ಬದುವಿನ ಮೇಲೆ ನಿಂತಿದ್ದ ಇನ್ನೂ ನಾಲ್ಕು ಜನರೂ ಊರವರೇ. ಕಲ್ಲು ನಾನು ನಿಲ್ಲಿಸಿದ ಹಾಗೆಯೇ ನೆಟ್ಟಗೆ ನಿಂತಿತ್ತು. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ.

"ಈ ಕಲ್ಲು ಕಿತ್ತವನು ನಾನು," ಎಂದೆ. "ಶರಣಪ್ಪ ಅಲ್ಲ. ಫೋಟೋ ಚೆಂದ ಬರಲಿ ಅಂತ ಕಿತ್ತೆ, ಮತ್ತೆ ನೆಟ್ಟಗೆ ನಿಲ್ಲಿಸಿದೆ. ಅವನು ಆಗ ನನಗೆ ಮಜ್ಜಿಗೆ ತರಲು ಮನೆಗೆ ಹೋಗಿದ್ದ."

ವಾಲಿದ ಕಲ್ಲಿನ ಫೋಟೋ, ನೆಟ್ಟಗಿನ ಫೋಟೋ, ಎರಡನ್ನೂ ರಾಮಾಂಜಿನಿಯ ಕೈಗೆ ಕೊಟ್ಟೆ. ನನ್ನಷ್ಟೇ ವಯಸ್ಸಾದ ಮನುಷ್ಯ. ಎರಡನ್ನೂ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. ಮೊದಲು ಎಲ್ಲಿತ್ತು ತೋರಿಸಿ ಎಂದ. ನಾನು ಬದುವಿನ ಮೇಲೆ ನಾಲ್ಕು ಹೆಜ್ಜೆ ಆಚೆ ಹೋದೆ, ಎರಡು ಹೆಜ್ಜೆ ಈಚೆ ಬಂದೆ, ಒಂದು ಕಡೆ ಬೆರಳು ಮಾಡಿದೆ, ಅದೂ ಅಲ್ಲವೆನ್ನಿಸಿ ಕೈ ಇಳಿಸಿದೆ. ಯಾರೋ ನಕ್ಕರು. ರಾಮಾಂಜಿನಿ ನಗಲಿಲ್ಲ.

"ಶರಣಪ್ಪಣ್ಣನ ಜೊತಿ ನಾನು ಹನ್ನೆರಡು ವರ್ಷ ಮಾತು ಬಿಟ್ಟಿದ್ದೆನ್ರಿ," ಎಂದ. "ಮಣ್ಣಿಗೂ ಬರಲಿಲ್ಲ. ಅದಕ್ಕೇನಂತೀರಿ ಮಾಸ್ತರ?"

ತಲೆ ತಗ್ಗಿಸಿ ನಿಂತೆ. ಅವನು ಫೋಟೋಗಳನ್ನು ನನಗೆ ಹಿಂದಿರುಗಿಸದೆ ಜೇಬಿಗಿಟ್ಟುಕೊಂಡು ತನ್ನ ಗದ್ದೆಗೆ ಇಳಿದು ಹೋದ. ಬಸಮ್ಮ ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಎರಡೂ ಮಾಡಲಿಲ್ಲ. ಹೊಲದ ಮೂಲೆಯ ಸಮಾಧಿಯ ಹತ್ತಿರ ಹೋಗಿ, ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ, ಪಕ್ಕದಲ್ಲಿ ಕೂತಳು. ಮನೆಯಲ್ಲಿ ಇರುವವರ ಹತ್ತಿರ ಮಾತಾಡುವ ಹಾಗೆ ಹೇಳಿದಳು.

"ಕೇಳಿದ್ರೇನ್ರಿ? ನೀವಲ್ಲಂತ."

ಅದನ್ನು ಕೇಳಿ ನನಗೆ ಅಳು ಬಂತು. ಯಾರೂ ನೋಡದಿರಲೆಂದು ಕಾಲುವೆಯ ಕಡೆ ನಡೆದೆ.

ಇದೆಲ್ಲ ಆಗಿ ಎರಡು ವಾರ. ಸರ್ವೆಯವರು ಬಂದು ಕಲ್ಲನ್ನು ಅದರ ಜಾಗದಲ್ಲಿ ನೆಡುತ್ತಾರಂತೆ, ಯಾವಾಗಲೋ ಗೊತ್ತಿಲ್ಲ. ನನ್ನ ಗೊಂದಲ ಹಾಗೇ ಇದೆ. ಕೆಲವು ದಿನ ಕೆಸರಿನಲ್ಲಿ ಹೊಸ ಕುಣಿ ತೋಡಿದ್ದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಕೆಲವು ದಿನ ಹಳೇ ಕುಣಿಯೇ ಕಾಣುತ್ತದೆ. ನಿನ್ನೆ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಮೂಟೆಯ ಹಿಂದೆ ಕೂತಿದ್ದ ಹೆಂಗಸು ನನ್ನನ್ನೇ ದಿಟ್ಟಿಸಿ ನೋಡಿ, ತಾನು ಹಚ್ಚೊಳ್ಳಿಯವಳೆಂದಳು. ಆ ದಿನ ಬದುವಿನ ಮೇಲೆ ಇದ್ದಳಂತೆ.

"ಶರಣಪ್ಪನ ಹೊಲದ ಕಲ್ಲು ಕಿತ್ತು ಸರಿಸಿದ ಮಾಸ್ತರ ನೀವೇ ಅಲ್ರಿ?" ಎಂದಳು, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ.

ಸರಿಸಿದ್ದು ನಿಜವೋ ಸುಳ್ಳೋ ನನಗೆ ಇನ್ನೂ ಗೊತ್ತಿಲ್ಲ. "ಹೌದಮ್ಮ, ನಾನೇ," ಎಂದೆ.