ಓದು ಕಡಿಮೆ ಇರುವವರು ಬೇಕಾಗಿದ್ದಾರೆ

ನಮ್ಮ ದೊಡ್ಡಮ್ಮನ ಎದುರು ಬಾಯಿತಪ್ಪಿಯೂ "ನನಗೀಗ ಬಿಡುವು" ಎನ್ನಬಾರದು. ಹಾಗೆಂದವರು ಮರುವಾರವೇ ಸೈಕಲ್ ಅಂಗಡಿಯ ಮೇಲಿನ ಅವಳ ಕೋಣೆಯಲ್ಲಿ, ಕಣ್ಣು ಕಾಣದ ಯಾರೋ ಒಬ್ಬರ ಎದುರು ಕೂತು ಗಟ್ಟಿಯಾಗಿ ಭೂಗೋಳ ಓದುತ್ತಿರುತ್ತಾರೆ. ಹೇಗೆ ಬಂದೆವೆಂದು ಅವರಿಗೇ ತಿಳಿದಿರುವುದಿಲ್ಲ. ನನಗೂ ತಿಳಿಯಲಿಲ್ಲ. ನಾನು ಅವಳ ತಂಗಿಯ ಮಗಳು. ಒಂದು ಸಂಜೆ ಕೊಡೆ ವಾಪಸು ಕೊಡಲು ಹೋದವಳು, ಇವತ್ತಿಗೂ ಅಲ್ಲಿ ಕುರ್ಚಿ ಜೋಡಿಸಿ ಚಹಾ ಕಾಸುತ್ತಿದ್ದೇನೆ.

ದೊಡ್ಡಮ್ಮ ಬಟ್ಟೆ ಕಾರ್ಖಾನೆಯ ಕಟಿಂಗ್ ಮೇಜಿನ ಮುಂದೆ ಆಯುಸ್ಸು ಕಳೆದವಳು. ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಗೆರೆ ಬಿಟ್ಟು ಆಚೀಚೆ ಕತ್ತರಿ ಹಾಕಿದವರ ಬೆವರಿಳಿಸುವುದು, ಇದು ಅವಳ ಉದ್ಯೋಗ. ನಿವೃತ್ತಿಯಾದ ಮೇಲೆ, ಕಣ್ಣು ಕಳೆದುಕೊಂಡ ಪಕ್ಕದ ಮನೆಯ ಅಜ್ಜನಿಗೆ ಪೇಪರ್ ಓದಿ ಹೇಳತೊಡಗಿದಳು. ಅಜ್ಜನ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಪರೀಕ್ಷೆಗೆ ಕಟ್ಟಿದವರು ಬಂದರು. ಒಂದು ಗಂಟಲು ಸಾಲದಾದಾಗ ದೊಡ್ಡಮ್ಮ ಜನ ಹಿಡಿಯಲು ಹೊರಟಳು.

ಅದರಲ್ಲಿ ಅವಳದು ಎತ್ತಿದ ಕೈ. ಸಹಾಯ ಮಾಡಿ ಎಂದು ಅವಳು ಯಾರನ್ನೂ ಕೇಳಿದವಳಲ್ಲ. ನಿವೃತ್ತ ಪ್ರೊಫೆಸರ್ ಒಬ್ಬರನ್ನು ತರಕಾರಿ ಅಂಗಡಿಯಲ್ಲಿ ಹಿಡಿದು, "ಇತಿಹಾಸದ ಒಂದು ಪಾಠ ಇದೆ ಸರ್, ಭಾಳ ಕಷ್ಟ. ನಿಮ್ಮ ಕೈಲಿ ಆಗುತ್ತೋ ಇಲ್ವೋ" ಎಂದಳು. ಪಾಪ, ಅವರು ಚೀಲ ಹೊತ್ತುಕೊಂಡೇ ಮೆಟ್ಟಿಲು ಹತ್ತಿದರು. ಕೂತರೆ ತೂಕಡಿಸುತ್ತಾರೆ ಎಂದು ಗೊತ್ತಾದ ದಿನದಿಂದ ಅವರು ನಿಂತೇ ಓದಬೇಕು. ಓದುವುದು ಬಿಟ್ಟು ವ್ಯಾಖ್ಯಾನಕ್ಕೆ ಇಳಿದರೆ ದೊಡ್ಡಮ್ಮ ಮೇಜು ಕುಟ್ಟುತ್ತಾಳೆ. ಮಕ್ಕಳನ್ನು ಮೂವತ್ತು ವರ್ಷ ನಡುಗಿಸಿದ ಮನುಷ್ಯ ಆ ಸದ್ದಿಗೆ ತಟ್ಟನೆ ಪುಸ್ತಕಕ್ಕೆ ಮರಳುತ್ತಾರೆ.

"ಯಾವಾಗ ಬೇಕಾದ್ರೂ ಕರೀರಿ, ಬರ್ತೀನಿ" ಎನ್ನುವವರನ್ನು ಅವಳು ಸೇರಿಸಿಕೊಳ್ಳುವುದೇ ಇಲ್ಲ. "ಅಂಥೋರು ಯಾವಾಗ್ಲೂ ಬರಲ್ಲ ಕಣೇ. ಮಂಗಳವಾರ ನಾಲ್ಕರಿಂದ ಐದು, ಒಂದು ನಿಮಿಷ ಜಾಸ್ತಿ ಆಗಲ್ಲ ಅಂತ ಮುಖ ಗಂಟು ಹಾಕ್ತಾರಲ್ಲ, ಅವರನ್ನ ಹಿಡ್ಕೋ" ಎಂದು ನನಗೆ ಪಾಠ ಹೇಳಿದ್ದಳು. ಲಿಫ್ಟ್ ಕಂಪನಿಯಲ್ಲಿದ್ದ ಎಂಜಿನಿಯರ್ ಸಾಹೇಬರು ಹೀಗೆ ಮುಖ ಗಂಟು ಹಾಕಿಕೊಂಡೇ ಬಂದವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮಾತು ಕಡಿಮೆ. ವಿಜ್ಞಾನ ಓದಿ, ಗಡಿಯಾರ ನೋಡಿ, ಎದ್ದುಹೋಗುತ್ತಿದ್ದರು.

ಇಷ್ಟೆಲ್ಲ ದರ್ಬಾರು ನಡೆಯುತ್ತಿದ್ದುದು ಒಂದು ತಪ್ಪು ತಿಳಿವಳಿಕೆಯ ಮೇಲೆ. ಕೈಯಲ್ಲಿನ ಸೀಮೆಸುಣ್ಣ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ ನೋಡಿ, ಆ ಜೋರು ಗಂಟಲು ಕೇಳಿ ಎಲ್ಲರೂ ಅವಳನ್ನು ನಿವೃತ್ತ ಮುಖ್ಯೋಪಾಧ್ಯಾಯಿನಿ ಎಂದುಕೊಂಡಿದ್ದರು. "ಯಾವ ಶಾಲೇಲಿದ್ರಿ ಮೇಡಂ?" ಎಂದು ಪ್ರೊಫೆಸರ್ ಒಮ್ಮೆ ಕೇಳಿದ್ದರು. "ಅದೆಲ್ಲ ಈಗ್ಯಾಕೆ, ಮೂರನೇ ಪಾಠ ತೆಗೀರಿ" ಎಂದಳು. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಅವಳು ಓದಿದ್ದು ಎಂಟನೇ ತರಗತಿ. ಅದು ಗೊತ್ತಿದ್ದುದು ನಮ್ಮ ಮನೆಯವರಿಗಷ್ಟೇ.

ಆ ವರ್ಷ ಹತ್ತನೇ ತರಗತಿಗೆ ಕಟ್ಟಿದವಳು ನಾವೆಲ್ಲ ಬೆತ್ತದಕ್ಕ ಎಂದು ಕರೆಯುತ್ತಿದ್ದ ಹೆಂಗಸು. ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು. ಕುರ್ಚಿಗಳಿಗೆ ಬೆತ್ತ ಹೆಣೆದು ಬದುಕುತ್ತಿದ್ದಳು. ಬೆರಳ ತುದಿಯೆಲ್ಲ ಸೀಳಿ ಗಟ್ಟಿಯಾಗಿತ್ತು. ಆಸ್ಪತ್ರೆಯಲ್ಲಿ ಟೆಲಿಫೋನ್ ನೋಡಿಕೊಳ್ಳುವ ಕೆಲಸ ಖಾಲಿ ಇತ್ತು, ಹತ್ತನೇ ತರಗತಿ ಪಾಸಾದರೆ ಅವಳಿಗೇ ಕೊಡುತ್ತೇವೆಂದಿದ್ದರು. ಮುಂದಿನ ವರ್ಷದವರೆಗೆ ಕಾಯುವುದಿಲ್ಲ ಎಂದೂ ಹೇಳಿದ್ದರು.

ಪಾಠವೆಲ್ಲ ಬಾಯಿಗೆ ಬಂದಿತ್ತು. ಅವಳು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯಲು ಒಬ್ಬರು ಬೇಕಿತ್ತು. ಪರೀಕ್ಷಾ ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದ ದೊಡ್ಡಮ್ಮ ಮೆಟ್ಟಿಲ ಮೇಲೇ ಕುಸಿದು ಕೂತಳು. ಬರೆಯುವವರ ಓದು ಹತ್ತನೇ ತರಗತಿಗಿಂತ ಕಡಿಮೆ ಇರಬೇಕಂತೆ. ಕೆಳಗಿನ ತರಗತಿಯ ಮಕ್ಕಳನ್ನು ಕರೆಯೋಣವೆಂದರೆ ಅವರಿಗೂ ಅದೇ ದಿನಗಳಲ್ಲಿ ಪರೀಕ್ಷೆ. ನನ್ನನ್ನೂ ಸೇರಿಸಿ ಕೋಣೆಯ ತುಂಬ ಪದವೀಧರರನ್ನು ಗುಡ್ಡೆ ಹಾಕಿಕೊಂಡ ನಮಗೆ ಈಗ ಕಡಿಮೆ ಓದಿದ ಒಬ್ಬರಿಗೆ ಗತಿಯಿರಲಿಲ್ಲ.

ಬೀದಿಗಿಳಿದೆವು. ಓದದವರಿಗೇನು ಬರ ಎಂದುಕೊಂಡಿದ್ದೆ. ಕೇಳಲು ಹೋದರೆ ಇಡೀ ಬೀದಿಯೇ ವಿದ್ವಾಂಸರ ಬೀದಿ. ಹಣ್ಣಿನವನು ಹತ್ತನೇ ತರಗತಿ ಯಾವಾಗಲೋ ಮುಗಿಸಿದ್ದನಂತೆ, ಯಾವ ವರ್ಷ ಎಂಬುದು ಮಾತ್ರ ನೆನಪಿಲ್ಲ. "ನಾನಾ? ಕಾಲೇಜಿಗೆ ಹೋದೋನು ನಾನು" ಎಂದು ಪೇಂಟರ್ ಎದೆ ಉಬ್ಬಿಸಿದ. ಹೋಗಿದ್ದ, ಸುಣ್ಣ ಬಳಿಯಲು. ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮ ನಗಲಿಲ್ಲ. "ಯಾಕ್ ನಗ್ತೀಯ? ಓದಿಲ್ಲ ಅಂತ ಬಾಯಿಬಿಟ್ಟು ಹೇಳೋದು ಸುಲಭ ಅಂದ್ಕೊಂಡ್ಯಾ?" ಎಂದು ಗದರಿದಳು.

ಬರೆಯುವವರ ಹೆಸರು ಕೊಡಲು ಕೊನೆಯ ದಿನ ಹತ್ತಿರ ಬಂತು. ಬೆತ್ತದಕ್ಕ ಸುಮ್ಮನೆ, "ಬಿಡಿ ದೊಡ್ಡಮ್ಮ, ಕುರ್ಚಿಗಳು ಇದ್ದೇ ಇವೆಯಲ್ಲ" ಎಂದು ಹೊರಟುಹೋದಳು. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ಸಮಾಧಾನ ಕೇಳಿ ನನಗೆ ಮೈಯೆಲ್ಲ ಉರಿಯಿತು.

"ನೀನೇ ಬರಿ" ಎಂದೆ, ಚಹಾದ ಲೋಟಗಳನ್ನು ತೊಳೆಯುತ್ತಾ.

ದೊಡ್ಡಮ್ಮ ನನ್ನನ್ನು ನುಂಗುವಂತೆ ನೋಡಿದಳು. "ನಾನು ಎಂಟನೇ ಕ್ಲಾಸು ಅಂತ ಗೊತ್ತಾದ್ಮೇಲೆ ಆ ಪ್ರೊಫೆಸರ್ ನನ್ನ ಮಾತು ಕೇಳ್ತಾರೇನೇ? ಒಬ್ಬೊಬ್ರಾಗಿ ಜಾರ್ಕೋತಾರೆ. ಒಬ್ಬಳ ಪರೀಕ್ಷೆ ಆಗುತ್ತೆ, ಉಳಿದೋರಿಗೆ ಓದೋರು ಯಾರು?"

"ಉಳಿದೋರ ನೆಪ ಹೇಳ್ಬೇಡ. ನಿನಗೆ ನಾಚಿಕೆ."

"ಹೌದು, ನಾಚಿಕೆನೇ. ಈ ವಯಸ್ಸಲ್ಲಿ ಮೊದಲನೇ ಸಲ ಜನ ಮೇಡಂ ಅಂತಿದಾರೆ. ನನಗೂ ಅದು ಇಷ್ಟ." ಅವಳು ಮುಖ ಆಚೆ ತಿರುಗಿಸಿದಳು. ಯಾಕಾದರೂ ಅಂದೆನೋ ಎನಿಸಿತು.

ಭಾನುವಾರ ಎಲ್ಲರೂ ಸೇರಿ ವಾರದ ಪಾಳಿ ಹಂಚಿಕೊಳ್ಳುವ ದಿನ. ದೊಡ್ಡಮ್ಮ ಎದ್ದು ನಿಂತಳು. ಪೀಠಿಕೆಯಿಲ್ಲ. "ನಾನು ಟೀಚರ್ ಅಲ್ಲ. ಬಟ್ಟೆ ಕತ್ತರಿಸ್ತಿದ್ದೆ. ಓದಿರೋದು ಎಂಟನೇ ಕ್ಲಾಸು. ಬೆತ್ತದಕ್ಕನ ಪರೀಕ್ಷೆ ನಾನೇ ಬರೀತೀನಿ. ಇನ್ಮೇಲೆ ಬರೋರು ಬನ್ನಿ, ಬಿಡೋರು ಬಿಡಿ."

ಪ್ರೊಫೆಸರ್ ಕನ್ನಡಕ ತೆಗೆದರು. "ಅಂದ್ರೆ ನನ್ನನ್ನ ಇಷ್ಟು ದಿನ ನಿಲ್ಲಿಸಿ ಓದಿಸಿದ್ದು..."

"ಕೂತ್ರೆ ನಿದ್ದೆ ಮಾಡ್ತೀರಲ್ಲ ಸರ್."

ಅವರು ಯೋಚಿಸಿದರು. "ಅದು ನಿಜ," ಎಂದು ಕನ್ನಡಕ ಏರಿಸಿಕೊಂಡರು. "ನಾಳೆ ನನ್ನ ಪಾಳಿ ಎಷ್ಟು ಗಂಟೆಗೆ, ಮೇಡಂ?"

ನಾಲ್ಕಕ್ಕೆ ಎಂದು ದೊಡ್ಡಮ್ಮ ಹೇಳಿದ್ದು ಅವಳಿಗೇ ಕೇಳಿಸಿತೋ ಇಲ್ಲವೋ.

ಎಲ್ಲರೂ ಹೋದ ಮೇಲೂ ಎಂಜಿನಿಯರ್ ಸಾಹೇಬರು ಗಡಿಯಾರ ನೋಡದೆ ಬಾಗಿಲಲ್ಲೇ ನಿಂತಿದ್ದರು. "ನಾನು ಲಿಫ್ಟ್ ರಿಪೇರಿ ಮಾಡ್ತಿದ್ದೆ, ಅಷ್ಟೆ. ಯಾರೋ ಎಂಜಿನಿಯರ್ ಅಂದ್ರು, ನಾನು ಸುಮ್ಮನಿದ್ದೆ. ಏಳನೇ ಕ್ಲಾಸು." ಹೇಳಿ ಮುಗಿಸುವಷ್ಟರಲ್ಲಿ ಇಸ್ತ್ರಿ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಇಬ್ಬರಲ್ಲಿ ಯಾರೆಂದು ನೋಡಲು ಬೆತ್ತದಕ್ಕನನ್ನು ಕರೆಸಿ ಬರೆಸಿದೆವು. ಮೊದಲು ದೊಡ್ಡಮ್ಮ ಕೂತಳು. ಬೆತ್ತದಕ್ಕ ಒಂದು ವಾಕ್ಯ ಹೇಳುವಷ್ಟರಲ್ಲಿ "ಹಾಗಲ್ಲ ಕಣೇ" ಎಂದಳು. ಮುಂದಿನದಕ್ಕೆ "ಸರಿಯಾಗಿ ಯೋಚ್ನೆ ಮಾಡು" ಎಂದಳು. ಆಮೇಲೆ ಬಾಯಿಗೆ ಬೀಗ ಹಾಕಿ, ಉತ್ತರವನ್ನು ತಾನೇ ತಿದ್ದಿ ಬರೆದಳು. ಎಂಜಿನಿಯರರು ಹೇಳಿದ್ದನ್ನಷ್ಟೇ ಬರೆದು, ಮುಂದಿನದಕ್ಕೆ ಕಾದರು. ಇಬ್ಬರೂ ಬರೆದದ್ದನ್ನು ನಾನು ಬೆತ್ತದಕ್ಕನಿಗೆ ಓದಿ ಹೇಳಿದೆ.

"ದೊಡ್ಡಮ್ಮ, ನೀವು ಬೇಡ," ಎಂದಳು ಬೆತ್ತದಕ್ಕ. "ಇವರು ಬರೀಲಿ. ನೀವು ಬೆಳಿಗ್ಗೆ ಎಂಟಕ್ಕೆ ಬಂದು ನನ್ನನ್ನ ಅಲ್ಲೀವರೆಗೆ ಬಿಡಿ. ತಡ ಮಾಡ್ಬೇಡಿ."

ಊರಿನವರನ್ನೆಲ್ಲ ಕೆಲಸಕ್ಕೆ ಹಚ್ಚಿದ ದೊಡ್ಡಮ್ಮನನ್ನು ಹೀಗೆ ಕೆಲಸದಿಂದ ತೆಗೆದವರನ್ನು ನಾನು ಕಂಡಿರಲಿಲ್ಲ. ಇಷ್ಟು ದಿನ ಬಚ್ಚಿಟ್ಟ ಗುಟ್ಟನ್ನು ಬಯಲು ಮಾಡಿ ಅವಳಿಗೆ ಸಿಕ್ಕಿದ್ದು ಕೈಹಿಡಿದು ನಡೆಸುವ ಪಾಳಿ. ಸಂಜೆಯೆಲ್ಲ ಮೂತಿ ಊದಿಸಿಕೊಂಡಿದ್ದಳು. ಆದರೆ ಮೊದಲ ಪರೀಕ್ಷೆಯ ದಿನ ಏಳೂವರೆಗೇ ಬೆತ್ತದಕ್ಕನ ಬಾಗಿಲು ತಟ್ಟಿದಳು.

ಪರೀಕ್ಷೆ ಮುಗಿಯುವವರೆಗೆ ನಾವಿಬ್ಬರೂ ಆಚೆ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ದೊಡ್ಡಮ್ಮ ಉಗುರು ಕಚ್ಚುವುದನ್ನು ನಾನು ನೋಡಿದ್ದು ಅವತ್ತೇ. ಬೆತ್ತದಕ್ಕ ಎಂಜಿನಿಯರರ ತೋಳು ಹಿಡಿದು ಹೊರಗೆ ಬಂದಳು.

"ಎಲ್ಲಾ ಬರೆಸಿದ್ಯೇನೇ?"

"ಎಲ್ಲಾ. ಒಂದು ಮಾತ್ರ ತಪ್ಪಾಯ್ತು ದೊಡ್ಡಮ್ಮ, ಹೇಳಿದ್ಮೇಲೆ ಗೊತ್ತಾಯ್ತು. ಹೊಡೆದು ಹಾಕೋಕೆ ಟೈಮಿರ್ಲಿಲ್ಲ."

"ಇವರಿಗೆ ಗೊತ್ತಾಗ್ಲಿಲ್ವಾ?" ದೊಡ್ಡಮ್ಮ ಎಂಜಿನಿಯರರ ಕಡೆ ತಿರುಗಿದಳು.

"ಗೊತ್ತಾಯ್ತು," ಎಂದರು ಅವರು, ನೆಲ ನೋಡುತ್ತಾ.

"ಗೊತ್ತಾದ್ರೂ ನಾನು ಹೇಳಿದ್ದನ್ನೇ ಬರೆದ್ರು" ಎಂದು ಬೆತ್ತದಕ್ಕ ನಗತೊಡಗಿದಳು. ಅವಳು ಅಷ್ಟು ಸಂತೋಷದಿಂದ ನಕ್ಕದ್ದನ್ನು ನಾವು ಕೇಳಿರಲಿಲ್ಲ. "ನನ್ನ ತಪ್ಪು ದೊಡ್ಡಮ್ಮ. ಪೂರ್ತಿ ನನ್ನದೇ."