ಸೆಟ್ಟಿಂಗ್ ಫೈಲಿನಲ್ಲಿದ್ದ ಅವರ ಸಾಲುಗಳು

ಧಾರವಾಡದ ಒಂದು ಕಾಲೇಜಿನಲ್ಲಿ ನಾನೂ ನನ್ನ ಗಂಡನೂ ಒಂದೇ ಸರ್ವರ್ ನೋಡಿಕೊಳ್ಳುತ್ತಿದ್ದೆವು. ಅವರದು ಬೆಳಗಿನ ಪಾಳಿ, ನನ್ನದು ಮಧ್ಯಾಹ್ನದ್ದು. ನವನಗರದ ಮನೆಯಲ್ಲಿ ಮಾತಾಡಲು ಆಗದ್ದನ್ನು ಅವರು ವೆಬ್‌ಸೈಟಿನ ಸೆಟ್ಟಿಂಗ್ ಫೈಲಿನಲ್ಲೇ ನನಗೆ ಬರೆದಿಡುತ್ತಿದ್ದರು. ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿದರೆ ಯಂತ್ರ ಅದನ್ನು ಓದುವುದಿಲ್ಲ, ಮನುಷ್ಯರಷ್ಟೇ ಓದುತ್ತಾರೆ.

“ಈ ಅಂಕಿ ಇಳಸಬ್ಯಾಡ, ರಿಸಲ್ಟಿನ ದಿನ ಹುಡುಗರೆಲ್ಲಾ ಒಮ್ಮೆಲೇ ಬರ್ತಾರ.” ಅದರ ಕೆಳಗೆ, “ಮೊದಲ ಚಹಾ ಕುಡಿ, ಆಮ್ಯಾಲ ತಿದ್ದು. ನಿನಗ ಭಾಳ ಅವಸರ.” ಇನ್ನೊಂದು ಕಡೆ, “ಡಬ್ಬಿಯೊಳಗಿನ ಶೇಂಗಾ ಹಿಂಡಿ ನಾನ ತಿಂದೇನಿ. ಸಿಟ್ಟಾಗಬ್ಯಾಡ.” ನಾನು ಸಿಟ್ಟಾಗುತ್ತಿದ್ದೆ. ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ.

ಹೋದ ವರ್ಷ ಅವರು ತೀರಿಕೊಂಡರು. ಕೆಲಸಕ್ಕೆ ಮರಳಿದ ಮೇಲೆ ದಿನಾ ಆ ಫೈಲು ತೆರೆದು ಓದುತ್ತಿದ್ದೆ. ಒಂದಕ್ಷರವನ್ನೂ ತಿದ್ದಲಿಲ್ಲ.

ಪ್ರವೇಶ ಶುರುವಾದ ದಿನ ವೆಬ್‌ಸೈಟ್ ನಿಂತಿತು. ಪ್ರಾಚಾರ್ಯರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. “ಲಗೂ ಮಾಡ್ರಿ ಮೇಡಂ, ಹೊರಗ ಪಾಲಕರು ಒದರಾಕತ್ತಾರ.” ಏನು ಮಾಡಿದರೂ ಏಳದು. ತಲೆ ಕೆಟ್ಟಿತು. ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಲು ಹೊರಟೆ. ಬರೀ ತೆಗೆದಿದ್ದರೆ ಸೆಟ್ಟಿಂಗ್ ಫೈಲು ಉಳಿಯುತ್ತಿತ್ತು. ನಾನು ಬೇರುಸಮೇತ ಕೀಳುವ ಆದೇಶ ಕೊಟ್ಟೆ. ಮತ್ತೆ ಹಾಕಿದಾಗ, ಅದರ ಜೊತೆ ಬರುವ ಮೂಲ ಫೈಲು ಆ ಜಾಗದಲ್ಲಿ ಬಂದು ಕೂತಿತು. ಬೇಕಾದ ನಾಲ್ಕು ಸಾಲು ಸೇರಿಸಿದೆ, ವೆಬ್‌ಸೈಟ್ ಎದ್ದಿತು. ಪ್ರಾಚಾರ್ಯರು ಖುಷಿಯಿಂದ ಚಹಾ ತರಿಸಿದರು.

ಕಪ್ಪು ಕೈಗೆ ಬಂದಾಗಲೇ ನಾನು ಮಾಡಿದ್ದೇನೆಂದು ಹೊಳೆದದ್ದು. ಅವರು ಹೋದ ದಿನ ಬಾರದ ಅಳು ಅಲ್ಲೇ ಬಂತು.

“ಎಲ್ಲಾ ಮೊದಲಿನಂಗ ಆತಲ್ರಿ, ಅಳೂದ್ಯಾಕ?” ಎಂದರು ಪ್ರಾಚಾರ್ಯರು, ಪಾಪ.

ಆ ಫೈಲಿಗೆ ಇನ್ನೊಂದು ಪ್ರತಿ ಇತ್ತು, ಅದೇ ಫೋಲ್ಡರಿನಲ್ಲಿ. ಎರಡನೇ ಕೀಲಿಯನ್ನು ಮನೆಯೊಳಗೇ ಬಿಟ್ಟು ಬೀಗ ಹಾಕಿದ ಹಾಗೆ. ಅದೂ ಹೋಯಿತು. ವಾರದ ಬ್ಯಾಕಪ್ಪಿನಲ್ಲಿ ವಿದ್ಯಾರ್ಥಿಗಳ ಅಂಕಗಳಷ್ಟೇ ಇದ್ದವು. ಸೆಟ್ಟಿಂಗ್ ಫೈಲು ಅದರಲ್ಲಿ ಬೇಡ, ಬೇಕಾದರೆ ಮತ್ತೆ ಬರೆದುಕೊಂಡರಾಯಿತು ಎಂದು ಅವರ ಜೊತೆ ವಾದಿಸಿ ಗೆದ್ದವಳು ನಾನೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಎಲ್ಲರೂ ಎದ್ದುಹೋದ ಮೇಲೆ ಹೊಸ ಫೈಲು ತೆರೆದೆ. ಅದರಲ್ಲೂ ಮನುಷ್ಯರು ಓದುವ ಸಾಲುಗಳು ಬೇಕಾದಷ್ಟಿದ್ದವು, ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದೆ, ಯಾರೋ ಯಾರಿಗೋ ಬರೆದವು. ಎಲ್ಲಾದರೂ ಸಿಕ್ಕೀತೆಂದು ಕೊನೆಯವರೆಗೂ ಓದಿದೆ. ನನಗೆ ಅಂತ ಒಂದು ಸಾಲೂ ಇರಲಿಲ್ಲ.