ಗಿರಿಜಾಳ ಕೈಗುಣ, ಸುನಂದಾಳ ರಿಪೋರ್ಟು

‘ಇಂಥ ಮಕ್ಕಳು ದೇವರ ಮಕ್ಕಳು’ ಎನ್ನುತ್ತಾರಲ್ಲ, ಆ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ದೇವರ ಮಕ್ಕಳು ಅಂದಮೇಲೆ ಶಾಲೆಗೆ ಹಾಕುವ, ಮದುವೆಮನೆಗೆ ಕರೆದೊಯ್ಯುವ ಜವಾಬ್ದಾರಿಯೂ ದೇವರದೇ ಆಗಿಬಿಡುತ್ತದೆ. ನಾವು ದೂರದಿಂದ ಕೈಮುಗಿದರೆ ಸಾಕು. ಅಗ್ಗದ ಭಕ್ತಿ.

ನನ್ನ ಸೋದರಮಾವ ಶರಣಪ್ಪ ಸಿಂಧನೂರಲ್ಲಿ ಮನೆಯ ಮುಂಭಾಗದಲ್ಲೇ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅವರ ಮಗಳು ಗಿರಿಜಾಗೆ ಡೌನ್ ಸಿಂಡ್ರೋಮ್. ನನಗಿಂತ ತುಸು ದೊಡ್ಡವಳು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ, ಅಂಗಡಿಯ ಮೊದಲ ಭತ್ತದ ಬೀಜದ ಚೀಲ ಅವಳ ಕೈಯಿಂದಲೇ ಹೋಗಬೇಕು. ಚೀಲಕ್ಕೆ ವಿಭೂತಿ ಹಚ್ಚಿ, ‘ಛಲೋ ಬೆಳಿ’ ಎಂದು ಕೊಡುತ್ತಾಳೆ. ತುರ್ವಿಹಾಳದ ರೈತರು ಅವಳ ಸ್ನಾನ ಮುಗಿಯುವ ತನಕ ಕಟ್ಟೆ ಮೇಲೆ ಕೂತು ಕಾಯುತ್ತಾರೆ. ಗಿರಿಜವ್ವನ ಕೈಗುಣ ದೊಡ್ಡದಂತೆ. (ಬೆಳೆ ಬರೋದು ಕಾಲುವೆ ನೀರಿನಿಂದ ಎಂದು ಒಮ್ಮೆ ವಾದಿಸಿ ಬೈಸಿಕೊಂಡಿದ್ದೇನೆ.)

ಈಗ ಅದೇ ಮನೆಯ ಸೊಸೆ ಸುನಂದಾ ಗರ್ಭಿಣಿ. ಲಿಂಗಸುಗೂರಿನ ತವರಿಗೆ ಹೋದಾಗ ಅಲ್ಲಿಯ ಡಾಕ್ಟರ್ ರಕ್ತಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ಡೌನ್ ಸಿಂಡ್ರೋಮ್ ‘ಹೈ ರಿಸ್ಕ್’ ಎಂದಿತ್ತು. ಇದು ಸಾಧ್ಯತೆ ಅಷ್ಟೇ, ಖಚಿತವಾಗಬೇಕಾದರೆ ಇನ್ನೊಂದು ಟೆಸ್ಟ್ ಬೇಕು ಎಂದು ಡಾಕ್ಟರ್ ಹೇಳಿದ್ದರು. ಆದರೆ ಅವಳು ಸಿಂಧನೂರಿಗೆ ಮರಳುವಷ್ಟರಲ್ಲಿ ಮನೆಯಲ್ಲಿ ಗರ್ಭ ತೆಗೆಸುವುದೆಂದು ತೀರ್ಮಾನವೇ ಆಗಿಹೋಗಿತ್ತು.

ನಾನು ಮಸ್ಕಿಯಿಂದ ಹೋದಾಗ ಮಾವ ಹೊಸದಾಗಿ ಬಂದ ಬೀಜದ ಮೊಳಕೆ ನೋಡುತ್ತಿದ್ದರು. ಒದ್ದೆ ಗೋಣಿತುಂಡಿನಲ್ಲಿ ಹಿಡಿ ಬೀಜ ಸುತ್ತಿಟ್ಟು, ನಾಲ್ಕಾರು ದಿನ ಬಿಟ್ಟು ಬಿಚ್ಚುವುದು ಅವರ ಪದ್ಧತಿ.

“ಇನ್ನೊಂದು ಟೆಸ್ಟ್ ಮಾಡಸ್ರಿ ಮಾಮಾ,” ಎಂದೆ.

“ಲೇ, ಮೊಳಕಿ ಬರದ ಲಾಟ್ ನಾ ಎಂದಾರ ಮಾರೀನೇನು? ವಾಪಸ್ ಕಳಸ್ತೀನಿ. ಟೆಸ್ಟ್ ಮ್ಯಾಲೆ ಟೆಸ್ಟ್ ಮಾಡ್ಕೋಂತ ಕುಂತರ ಹಂಗಾಮ ಮುಗದ ಹೋಗ್ತೈತಿ.”

“ಇದು ಲಾಟ್ ಅಲ್ಲರೀ. ಫೇಲೂ ಆಗಿಲ್ಲ. ಅನುಮಾನ ಅಂತ ಅಷ್ಟ ಬರದೈತಿ.”

“ನಿನ್ನ ಕಾಲೇಜಿನ ಡಿಬೇಟ್ ಇಲ್ಲಿ ಹಚ್ಚಬ್ಯಾಡ.” ಆಮೇಲೆ ದನಿ ತಗ್ಗಿತು. “ನಿಮ್ಮತ್ತಿ ಹೋದ ಮ್ಯಾಲೆ ಗಿರಿಜಾನ ತಲಿ ನಾನ ಬಾಚಾಕತ್ತೀನಿ. ನಾ ಹೋದ್ರ ಯಾರು ಬಾಚ್ತಾರ? ಮಸ್ಕಿಯಿಂದ ನೀ ಬರ್ತಿಯೇನು?”

ಮಾವನ ಪ್ರಶ್ನೆ ನ್ಯಾಯದ್ದೇ. ಇಂಥ ಮಗುವನ್ನು ಬೆಳೆಸುವುದು ಸುಲಭ ಎನ್ನುವವರು ಬೆಳೆಸಿದವರಲ್ಲ. ಕಾನೂನು ಒಂದು ಮಿತಿಯೊಳಗೆ ಬೇಡ ಎನ್ನಲು ದಾರಿ ಬಿಟ್ಟಿದೆ; ಅದನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಆದರೆ ಬೇಡ ಎನ್ನಬೇಕಾದವರು ಯಾರು? ಸುನಂದಾಳನ್ನು ಯಾರೂ ಕೇಳಿಯೇ ಇರಲಿಲ್ಲ. ಅವಳ ಗಂಡ ಬಸವರಾಜ ಅಲ್ಲೇ ಕೂತು ಮೊಬೈಲ್ ನೋಡುತ್ತಿದ್ದ.

ನನ್ನ ನಾಲಿಗೆ ತುದಿಯಲ್ಲಿ ಒಂದು ಪ್ರಶ್ನೆ ಇತ್ತು. ಗಿರಿಜಾ ಹೊಟ್ಟೆಯಲ್ಲಿದ್ದಾಗ ಈ ಟೆಸ್ಟ್ ಇದ್ದಿದ್ದರೆ? ವೇದಿಕೆ ಮೇಲಾದರೆ ಕೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಇಲ್ಲಿ ಗಿರಿಜಾ ಪಕ್ಕದಲ್ಲೇ ಕೂತು ಗೋಣಿತುಂಡಿಗೆ ನೀರು ಚಿಮುಕಿಸುತ್ತಿದ್ದಳು. ನುಂಗಿಕೊಂಡೆ.

ಸುನಂದಾ ಚಹಾ ತಂದಳು. ಗಿರಿಜಾ ನನ್ನ ಕೈಗೆ ಕಪ್ಪು ತುರುಕಿ, “ನೀ ಬಾಳ ಮಾತಾಡ್ತಿ. ಕುಡಿ,” ಎಂದಳು. ಬಸವರಾಜ ನಕ್ಕ. ಮಾವನೂ ನಕ್ಕರು. ಉಳಿದ ಕಪ್ಪುಗಳನ್ನು ಚೀಲ ಹೊರುವ ಹಮಾಲರಿಗೆ ಕೊಡಲು ಗಿರಿಜಾ ಹೊರಗೆ ಹೋದಳು. ಅದು ದಿನಾ ಅವಳದೇ ಕೆಲಸ.

ಸುನಂದಾ ಮಾತ್ರ ನಕ್ಕಿರಲಿಲ್ಲ. ಗಿರಿಜಾ ಹೊಸ್ತಿಲು ದಾಟುವ ತನಕ ಕಾದಳು. ಆಮೇಲೆ ಖಾಲಿ ತಟ್ಟೆಯನ್ನು ಎದೆಗೊತ್ತಿ ಹಿಡಿದು ಕೇಳಿದಳು:

“ಮಾವಾರ, ಗಿರಿಜಾನಂಥ ಕೂಸು ಈ ಮನೀಗೆ ಬ್ಯಾಡ ಅಂದ್ರ, ಈ ಸಲ ಮೊದಲ ಚೀಲ ಯಾರ ಕೈಲಿ ಕೊಡಸ್ತೀರಿ?”